ಐ-ಟು-ಪಿ ಪರಿವರ್ತಕದ ದೋಷ ಪತ್ತೆ: ಬದಲಿಸುವ ಮುನ್ನ ಅಳೆಯತಕ್ಕ ಮೂರು ಅಂಶಗಳು

ಬಹುಗ್ರಾಮ ಕುಡಿಯುವ ನೀರು ಸರಬರಾಜು ಯೋಜನೆಗಳ ಜಲಶುದ್ಧೀಕರಣ ಘಟಕಗಳಲ್ಲಿ ಕಾರ್ಯನಿರ್ವಹಿಸುತ್ತಿರುವ ನಿರ್ವಾಹಕರು, ಎಲೆಕ್ಟ್ರಿಷಿಯನ್‌ಗಳು, ಕಿರಿಯ ಅಭಿಯಂತರರು ಹಾಗೂ ನಿರ್ವಹಣಾ ಗುತ್ತಿಗೆದಾರರ ಸಿಬ್ಬಂದಿಯ ಮಾಹಿತಿಗಾಗಿ

1. ಪೀಠಿಕೆ

ಒಂದು ಶುದ್ಧೀಕರಣ ಘಟಕದಿಂದ ಹತ್ತಾರು ಗ್ರಾಮಗಳ ಮೇಲ್ತೊಟ್ಟಿಗಳಿಗೆ ನೀರು ಹರಿಯುತ್ತದೆ. ಗಾಳಿಯ ಒತ್ತಡದಿಂದ ಚಲಿಸುವ ನಿಯಂತ್ರಣ ವಾಲ್ವ್‌ಗಳನ್ನು ಅಳವಡಿಸಿರುವ ಘಟಕಗಳಲ್ಲಿ, ಮರಳು ಶೋಧಕದಿಂದ ಹೊರಬರುವ ನೀರಿನ ಪ್ರಮಾಣವನ್ನು ಇಂತಹ ವಾಲ್ವ್ ನಿಯಂತ್ರಿಸುತ್ತದೆ. ನಿಯಂತ್ರಣ ಕೊಠಡಿಯ ಪ್ಯಾನೆಲ್ ಕಳುಹಿಸುವ ಆದೇಶ ವಿದ್ಯುತ್ ರೂಪದಲ್ಲಿರುತ್ತದೆ. ವಾಲ್ವ್‌ಗೆ ಅರ್ಥವಾಗುವುದು ಗಾಳಿಯ ಒತ್ತಡ ಮಾತ್ರ. ಇವೆರಡರ ನಡುವೆ ಭಾಷಾಂತರಕಾರನಂತೆ ನಿಂತಿರುವ ಅಂಗೈಯಗಲದ ಉಪಕರಣವೇ ಐ-ಟು-ಪಿ ಪರಿವರ್ತಕ. ಇಲ್ಲಿ ‘ಐ’ ಎಂಬುದು ವಿದ್ಯುತ್ ಪ್ರವಾಹವನ್ನೂ ‘ಪಿ’ ಎಂಬುದು ಒತ್ತಡವನ್ನೂ ಸೂಚಿಸುವ ಸಂಕೇತಾಕ್ಷರಗಳು.

ವಾಲ್ವ್ ಆದೇಶದಂತೆ ಚಲಿಸದಿದ್ದಾಗ ಮೊದಲ ಸಂಶಯ ಈ ಉಪಕರಣದ ಮೇಲೆ ಬೀಳುವುದು ವಾಡಿಕೆ. ‘ಐ-ಟು-ಪಿ ಹೋಗಿದೆ, ಹೊಸದು ತರಿಸಿ’ ಎಂಬ ವರದಿ ಸಿದ್ಧವಾಗುತ್ತದೆ. ಹೊಸದು ಬರುವವರೆಗೆ ವಾಲ್ವ್ ಎಲ್ಲಿ ನಿಂತಿತ್ತೋ ಅಲ್ಲಿಯೇ ಇರುತ್ತದೆ. ಹೊಸದನ್ನು ಜೋಡಿಸಿದ ಕೆಲವೇ ದಿನಗಳಲ್ಲಿ ಅದೇ ದೋಷ ಮರುಕಳಿಸಿದರೆ, ತಯಾರಕರನ್ನು ದೂಷಿಸುವುದಷ್ಟೇ ಉಳಿಯುತ್ತದೆ. ಆದರೆ ಪರಿವರ್ತಕವು ತಾನಾಗಿ ಏನನ್ನೂ ಉತ್ಪಾದಿಸುವುದಿಲ್ಲ. ತನಗೆ ಒದಗಿದ ಗಾಳಿಯನ್ನು, ತನಗೆ ಬಂದ ವಿದ್ಯುತ್ ಪ್ರವಾಹದ ಪ್ರಮಾಣಕ್ಕೆ ಅನುಗುಣವಾಗಿ ಮುಂದಕ್ಕೆ ಬಿಡುವುದಷ್ಟೇ ಅದರ ಕಾರ್ಯ. ಆದ್ದರಿಂದ ಒಳಬರುವ ಗಾಳಿ, ಒಳಬರುವ ಪ್ರವಾಹ, ಹೊರಹೋಗುವ ಒತ್ತಡ ಎಂಬ ಮೂರನ್ನೂ ಅಳೆಯದೆ ಪರಿವರ್ತಕವನ್ನು ದೋಷಿಯೆಂದು ತೀರ್ಮಾನಿಸಲಾಗದು. ಈ ಮೂರು ಅಳತೆಗಳನ್ನು ಕ್ರಮವಾಗಿ ತೆಗೆದುಕೊಳ್ಳುವ ವಿಧಾನವನ್ನೂ, ಅವುಗಳಿಂದ ದೋಷದ ನೆಲೆಯನ್ನು ಗುರುತಿಸುವ ಬಗೆಯನ್ನೂ ಮುಂದೆ ವಿವರಿಸಲಾಗಿದೆ.

2. ಪರಿವರ್ತಕವು ಕಾರ್ಯನಿರ್ವಹಿಸುವ ಬಗೆ

ಸರ್ವೇಸಾಮಾನ್ಯವಾಗಿ ಬಳಕೆಯಲ್ಲಿರುವ ಪರಿವರ್ತಕವು 4ರಿಂದ 20 ಮಿಲಿಆಂಪಿಯರ್ ನೇರ ಪ್ರವಾಹವನ್ನು ಸ್ವೀಕರಿಸಿ 3ರಿಂದ 15 ಪಿಎಸ್‌ಐ ಒತ್ತಡವನ್ನು ನೀಡುತ್ತದೆ. ಮೆಟ್ರಿಕ್ ಶ್ರೇಣಿಯ ಉಪಕರಣಗಳಲ್ಲಿ ಇದನ್ನು 0.2ರಿಂದ 1.0 ಬಾರ್ ಎಂದು ನಮೂದಿಸಿರುತ್ತಾರೆ. ಗೇಜ್‌ನಲ್ಲಿ ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಮಾಪನವಿದ್ದರೆ 3 ಪಿಎಸ್‌ಐ ಎಂದರೆ ಸುಮಾರು 0.21, 15 ಪಿಎಸ್‌ಐ ಎಂದರೆ ಸುಮಾರು 1.05 ಎಂದು ತಿಳಿಯತಕ್ಕದ್ದು.

ಕನಿಷ್ಠ ಸಂಕೇತವನ್ನು ಸೊನ್ನೆಯಿಂದ ಆರಂಭಿಸದೆ 4 ಮಿಲಿಆಂಪಿಯರ್‌ನಿಂದ ಆರಂಭಿಸಿರುವುದಕ್ಕೆ ಕಾರಣವುಂಟು. ತಂತಿ ತುಂಡಾದರೆ ಪ್ರವಾಹ ಸೊನ್ನೆಗೆ ಇಳಿಯುತ್ತದೆ. ‘ವಾಲ್ವನ್ನು ಮುಚ್ಚು’ ಎಂಬ ಆದೇಶಕ್ಕೂ ‘ಆದೇಶವೇ ಬರುತ್ತಿಲ್ಲ’ ಎಂಬ ಸ್ಥಿತಿಗೂ ಇರುವ ವ್ಯತ್ಯಾಸ ಇದರಿಂದ ತಿಳಿಯುತ್ತದೆ. ಗಾಳಿಯ ಬದಿಯಲ್ಲಿ 3 ಪಿಎಸ್‌ಐಗೂ ಇದೇ ಪ್ರಯೋಜನವಿದೆ. ಗೇಜ್ ಸೊನ್ನೆಯನ್ನು ತೋರಿಸುತ್ತಿದ್ದರೆ ಅದು ಕನಿಷ್ಠ ಸಂಕೇತವಲ್ಲ, ದೋಷದ ಸೂಚನೆ.

ಹಳೆಯ ಹಾಗೂ ಸರಳ ಮಾದರಿಗಳ ಒಳಭಾಗದಲ್ಲಿ ಕಾಂತಕ್ಷೇತ್ರದಲ್ಲಿ ತೂಗುವ ತಂತಿಸುರುಳಿಯೊಂದಿರುತ್ತದೆ. ಪ್ರವಾಹ ಹೆಚ್ಚಿದಂತೆ ಈ ಸುರುಳಿಯು ಫ್ಲಾಪರ್ ಎಂಬ ತೆಳುವಾದ ಪಟ್ಟಿಯನ್ನು ನಾಜಲ್‌ನ ಬಾಯಿಯತ್ತ ಒತ್ತುತ್ತದೆ. ನಾಜಲ್‌ಗೆ ಗಾಳಿ ಬರುವುದು ಕೂದಲೆಳೆಯಷ್ಟು ಕಿರಿದಾದ ಸೂಕ್ಷ್ಮ ರಂಧ್ರವೊಂದರ ಮೂಲಕ. ನಾಜಲ್‌ನ ಬಾಯಿ ಮುಚ್ಚಿಕೊಂಡಷ್ಟೂ ಅದರ ಹಿಂದಿನ ಒತ್ತಡ ಏರುತ್ತದೆ. ಆ ಒತ್ತಡವನ್ನು ರಿಲೇ ಎಂಬ ಭಾಗವು ಹೆಚ್ಚಿನ ಗಾಳಿಯೊಂದಿಗೆ ವಾಲ್ವಿನತ್ತ ಕಳುಹಿಸುತ್ತದೆ. ಹೊಸ ಮಾದರಿಗಳಲ್ಲಿ ಒತ್ತಡವನ್ನು ಅಳೆದು ತಿದ್ದಿಕೊಳ್ಳುವ ಎಲೆಕ್ಟ್ರಾನಿಕ್ ಮಂಡಲವಿರುವುದರಿಂದ ನಿಖರತೆ ಹೆಚ್ಚು. ಆದರೆ ಗಾಳಿಯ ಕಿರಿದಾದ ಹಾದಿ ಅವುಗಳಲ್ಲಿಯೂ ಇದೆ. ಧೂಳು, ಎಣ್ಣೆ, ನೀರು ಇವೆಲ್ಲವೂ ಪರಿವರ್ತಕಕ್ಕೆ ಶತ್ರುಗಳಾಗುವುದು ಈ ಕಾರಣದಿಂದಲೇ.

ಪ್ರವಾಹಕ್ಕೂ ಒತ್ತಡಕ್ಕೂ ಇರಬೇಕಾದ ಹೊಂದಿಕೆ ಹೀಗಿದೆ:

4 ಮಿಲಿಆಂಪಿಯರ್ – 3 ಪಿಎಸ್‌ಐ
8 ಮಿಲಿಆಂಪಿಯರ್ – 6 ಪಿಎಸ್‌ಐ
12 ಮಿಲಿಆಂಪಿಯರ್ – 9 ಪಿಎಸ್‌ಐ
16 ಮಿಲಿಆಂಪಿಯರ್ – 12 ಪಿಎಸ್‌ಐ
20 ಮಿಲಿಆಂಪಿಯರ್ – 15 ಪಿಎಸ್‌ಐ

ನಡುವಿನ ಯಾವುದೇ ಪ್ರವಾಹಕ್ಕೆ ಲೆಕ್ಕ ಸುಲಭ: ಪ್ರವಾಹದಿಂದ 4 ಕಳೆದು, ಉಳಿದುದನ್ನು 0.75ರಿಂದ ಗುಣಿಸಿ, 3 ಕೂಡಿಸತಕ್ಕದ್ದು. ಉದಾಹರಣೆಗೆ 10 ಮಿಲಿಆಂಪಿಯರ್‌ಗೆ 7.5 ಪಿಎಸ್‌ಐ. ಈ ಐದು ಸಾಲುಗಳನ್ನು ಬರೆದು ಪ್ಯಾನೆಲ್‌ನ ಬಾಗಿಲಿನ ಒಳಬದಿಗೆ ಅಂಟಿಸಿಡುವುದು ಉಪಯುಕ್ತ.

3. ಕೈ ಹಾಕುವ ಮುನ್ನ

ಪರೀಕ್ಷೆಗಾಗಿ ತಂತಿಯನ್ನು ಬಿಡಿಸಿದರೆ ಅಥವಾ ಗಾಳಿಯನ್ನು ನಿಲ್ಲಿಸಿದರೆ ವಾಲ್ವ್ ಕೂಡಲೇ ಚಲಿಸುತ್ತದೆ. ಸ್ಪ್ರಿಂಗ್ ಉಳ್ಳ ವಾಲ್ವ್‌ಗಳು ಗಾಳಿ ಇಲ್ಲವಾದಾಗ ಪೂರ್ಣ ತೆರೆಯುವ ಬಗೆಯವಾಗಿರಬಹುದು ಅಥವಾ ಪೂರ್ಣ ಮುಚ್ಚುವ ಬಗೆಯವಾಗಿರಬಹುದು. ತಮ್ಮ ಘಟಕದ ಪ್ರತಿಯೊಂದು ವಾಲ್ವ್ ಯಾವ ಬಗೆಯದೆಂಬುದನ್ನು ಫಲಕದಿಂದ ಅಥವಾ ನಕ್ಷೆಯಿಂದ ಮುಂಚಿತವಾಗಿಯೇ ತಿಳಿದಿರತಕ್ಕದ್ದು.

ಇದು ಕೇವಲ ಯಂತ್ರದ ಸಂಗತಿಯಲ್ಲ. ಶೋಧಕದ ಹೊರಹರಿವಿನ ವಾಲ್ವ್ ಹಠಾತ್ತನೆ ಪೂರ್ಣವಾಗಿ ತೆರೆದುಕೊಂಡರೆ ಮರಳಿನ ಮೂಲಕ ನೀರು ಹರಿಯುವ ವೇಗ ಏರುತ್ತದೆ. ಕ್ಷಿಪ್ರ ಮರಳು ಶೋಧಕಗಳನ್ನು ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 80ರಿಂದ 100 ಲೀಟರ್ ಹರಿವಿಗೆ ವಿನ್ಯಾಸಗೊಳಿಸಿರುತ್ತಾರೆ. ಹರಿವು ಒಮ್ಮೆಲೇ ಹೆಚ್ಚಿದಾಗ ಮರಳಿನಲ್ಲಿ ಹಿಡಿದಿಟ್ಟಿದ್ದ ಕೊಳೆ ಬಿಡಿಸಿಕೊಂಡು ಶುದ್ಧ ನೀರಿನ ತೊಟ್ಟಿಗೆ ಇಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಕದಡಿನ ಸ್ವೀಕಾರಾರ್ಹ ಮಿತಿ 1 ಎನ್‌ಟಿಯು. ಬೇರೆ ಜಲಮೂಲ ಇಲ್ಲದಿದ್ದಾಗ ಮಾತ್ರ 5 ಎನ್‌ಟಿಯುವರೆಗೆ ಅನುಮತಿ. ಕದಡಿದ ನೀರಿನಲ್ಲಿ ಕ್ಲೋರಿನ್‌ನ ಪರಿಣಾಮವೂ ಕುಗ್ಗುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಈ ಕೆಳಕಂಡ ಕ್ರಮಗಳನ್ನು ವಹಿಸತಕ್ಕದ್ದು:

ಅ) ಸಂಬಂಧಿಸಿದ ಶೋಧಕವನ್ನು ಸೇವೆಯಿಂದ ಪ್ರತ್ಯೇಕಿಸುವುದು, ಅದು ಸಾಧ್ಯವಿಲ್ಲದಿದ್ದರೆ ವಾಲ್ವನ್ನು ಕೈಚಕ್ರದಿಂದ ಸ್ಥಿರಗೊಳಿಸುವುದು ಅಥವಾ ಅದರ ಮುಂದಿನ ಕೈಚಾಲಿತ ವಾಲ್ವ್‌ನಿಂದ ಹರಿವನ್ನು ನಿಯಂತ್ರಿಸುವುದು.
ಆ) ಪ್ಯಾನೆಲ್‌ನಲ್ಲಿ ಸ್ವಯಂಚಾಲಿತ ಕ್ರಮವನ್ನು ಬಿಟ್ಟು ಮ್ಯಾನ್ಯುಯಲ್ ಕ್ರಮಕ್ಕೆ ತರುವುದು; ಪಾಳಿಯಲ್ಲಿರುವ ಎಲ್ಲರಿಗೂ ತಿಳಿಸುವುದು.
ಇ) ಗಾಳಿಯ ಕೊಳವೆಯನ್ನು ಬಿಡಿಸುವ ಮೊದಲು ಹಿಂದಿನ ವಾಲ್ವನ್ನು ಮುಚ್ಚಿ ಒತ್ತಡವನ್ನು ಹೊರಬಿಡುವುದು. ವಾಲ್ವಿನ ದಂಡ ಮತ್ತು ನೊಗದ ನಡುವೆ ಬೆರಳಿಡಕೂಡದು.
ಈ) ಸಂಕೇತದ ತಂತಿಯಲ್ಲಿ ಇರುವುದು 24 ವೋಲ್ಟ್ ಆದರೂ ಅದೇ ಪ್ಯಾನೆಲ್‌ನಲ್ಲಿ 230 ವೋಲ್ಟ್ ಸಹ ಇರುತ್ತದೆ ಎಂಬುದನ್ನು ಮರೆಯಬಾರದು.

4. ಮೂರು ಅಳತೆಗಳು

ಬೇಕಾದ ಸಲಕರಣೆಗಳು ಅಲ್ಪ: ಮಿಲಿಆಂಪಿಯರ್ ಅಳೆಯಬಲ್ಲ ಮಲ್ಟಿಮೀಟರ್, ನಂಬಲರ್ಹವಾದ 0–30 ಪಿಎಸ್‌ಐ ಪರೀಕ್ಷಾ ಗೇಜ್, ಸ್ಪ್ಯಾನರ್, ಸಾಬೂನು ನೀರು. 4–20 ಮಿಲಿಆಂಪಿಯರ್ ಸಂಕೇತವನ್ನು ನೀಡುವ ಕ್ಯಾಲಿಬ್ರೇಟರ್ ಇದ್ದರೆ ಇನ್ನೂ ಅನುಕೂಲ.

ಮೊದಲನೆಯ ಅಳತೆ: ಒಳಬರುವ ಗಾಳಿ. 3–15 ಪಿಎಸ್‌ಐ ಪರಿವರ್ತಕಕ್ಕೆ ಸಾಮಾನ್ಯವಾಗಿ 20 ಪಿಎಸ್‌ಐ, ಅಂದರೆ ಸುಮಾರು 1.4 ಬಾರ್ ಒತ್ತಡದ ಗಾಳಿಯನ್ನು ಒದಗಿಸುತ್ತಾರೆ. ನಿಖರವಾದ ಮಿತಿಯನ್ನು ಉಪಕರಣದ ಫಲಕದಲ್ಲಿಯೇ ನೋಡತಕ್ಕದ್ದು. ಒದಗುವ ಒತ್ತಡವು ಗರಿಷ್ಠ ಹೊರಒತ್ತಡಕ್ಕಿಂತ ಹೆಚ್ಚಾಗಿರಲೇಬೇಕು. 14 ಪಿಎಸ್‌ಐ ಒದಗಿಸಿ 15 ಪಿಎಸ್‌ಐ ಪಡೆಯುವುದು ಅಸಾಧ್ಯ. ವಾಲ್ವ್ ನಿಂತಿರುವಾಗ ಮಾತ್ರವಲ್ಲದೆ ಚಲಿಸುತ್ತಿರುವಾಗಲೂ ಗೇಜನ್ನು ಗಮನಿಸಬೇಕು. ನಿಂತಾಗ 20 ತೋರಿಸಿ ಚಲಿಸುವಾಗ 12ಕ್ಕೆ ಕುಸಿದರೆ ಗಾಳಿ ಫಿಲ್ಟರ್ ಕಟ್ಟಿಕೊಂಡಿದೆ ಅಥವಾ ರೆಗ್ಯುಲೇಟರ್ ಸೋತಿದೆ ಎಂದರ್ಥ. ಫಿಲ್ಟರಿನ ತಳದ ಬಟ್ಟಲಿನಲ್ಲಿ ನೀರು ಅಥವಾ ಎಣ್ಣೆ ಕಂಡುಬಂದರೆ ಅದನ್ನು ಬರೆದಿಟ್ಟುಕೊಳ್ಳುವುದು ಮುಖ್ಯ.

ಎರಡನೆಯ ಅಳತೆ: ಒಳಬರುವ ಪ್ರವಾಹ. ಮೊದಲು ತಂತಿಯನ್ನು ಬಿಡಿಸದೆ ಪರಿವರ್ತಕದ ಎರಡು ಟರ್ಮಿನಲ್‌ಗಳ ನಡುವಿನ ವೋಲ್ಟೇಜನ್ನು ಅಳೆಯುವುದು ಒಳ್ಳೆಯದು. ಸುರುಳಿಯ ರೋಧ 200 ಓಮ್ ಎಂದಿಟ್ಟುಕೊಂಡರೆ 12 ಮಿಲಿಆಂಪಿಯರ್ ಹರಿಯುವಾಗ 2.4 ವೋಲ್ಟ್ ಕಾಣಬೇಕು. ಅದರ ಬದಲು 24 ವೋಲ್ಟ್‌ಗೆ ಸಮೀಪದ ಅಂಕಿ ಕಂಡರೆ ತಂತಿ ಸರಿಯಿದೆ, ಪರಿವರ್ತಕದ ಒಳಗೆ ಸುರುಳಿ ತುಂಡಾಗಿದೆ. ಸೊನ್ನೆ ಕಂಡರೆ ದೋಷ ಪರಿವರ್ತಕದ ಹೊರಗಿದೆ: ದಾರಿಯಲ್ಲಿ ತಂತಿ ತುಂಡಾಗಿರಬಹುದು, ಫ್ಯೂಸ್ ಹೋಗಿರಬಹುದು, ಇಲ್ಲವೇ ಜಂಕ್ಷನ್ ಪೆಟ್ಟಿಗೆಯಲ್ಲಿ ನೀರು ನಿಂತು ಎರಡು ತಂತಿಗಳು ಒಂದಕ್ಕೊಂದು ಶಾರ್ಟ್ ಆಗಿರಬಹುದು. ಕೊನೆಯ ಸಂದರ್ಭದಲ್ಲಿ ಪ್ಯಾನೆಲ್ ‘12 ಮಿಲಿಆಂಪಿಯರ್ ಹೋಗುತ್ತಿದೆ’ ಎಂದೇ ತೋರಿಸುತ್ತದೆ. ಆದರೆ ಆ ಪ್ರವಾಹ ಪರಿವರ್ತಕವನ್ನು ತಲುಪುವ ಮೊದಲೇ ಹಿಂದಿರುಗಿರುತ್ತದೆ.

ಆನಂತರ ಒಂದು ತಂತಿಯನ್ನು ಬಿಡಿಸಿ ಮೀಟರನ್ನು ಸರಣಿಯಲ್ಲಿ ಜೋಡಿಸಿ ಪ್ರವಾಹವನ್ನು ಅಳೆಯತಕ್ಕದ್ದು. ಮಿಲಿಆಂಪಿಯರ್ ಸ್ಥಾನದಲ್ಲಿರುವ ಮೀಟರನ್ನು ಎರಡು ಟರ್ಮಿನಲ್‌ಗಳಿಗೆ ಅಡ್ಡಲಾಗಿ ಹಿಡಿಯಕೂಡದು. ಆಗ ಪ್ರವಾಹವೆಲ್ಲ ಮೀಟರಿನ ಮೂಲಕವೇ ಹರಿದು ಪರಿವರ್ತಕಕ್ಕೆ ಸಂಕೇತವಿಲ್ಲದಂತಾಗುತ್ತದೆ. ಇದೇ ಹೊತ್ತಿನಲ್ಲಿ ಧನ ಮತ್ತು ಋಣ ತಂತಿಗಳು ಅದಲುಬದಲಾಗಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ರಿಪೇರಿಯ ನಂತರ ‘ಏನೂ ಆಗುತ್ತಿಲ್ಲ’ ಎಂಬ ದೂರುಗಳಿಗೆ ಇದು ಸಾಮಾನ್ಯ ಕಾರಣ.

ಮೂರನೆಯ ಅಳತೆ: ಹೊರಹೋಗುವ ಒತ್ತಡ. ವಾಲ್ವಿಗೆ ಹೋಗುವ ಕೊಳವೆಯನ್ನು ಬಿಡಿಸಿ, ಆ ಸ್ಥಾನದಲ್ಲಿ ಪರೀಕ್ಷಾ ಗೇಜನ್ನು ಸೋರಿಕೆಯಿಲ್ಲದಂತೆ ಜೋಡಿಸಬೇಕು. ಪ್ಯಾನೆಲ್‌ನಿಂದ 4, 8, 12, 16, 20 ಮಿಲಿಆಂಪಿಯರ್ ನೀಡಿ, ಪ್ರತಿ ಹಂತದಲ್ಲಿ ಒತ್ತಡವನ್ನು ಬರೆದುಕೊಂಡು, ಅದೇ ಕ್ರಮದಲ್ಲಿ ಕೆಳಗಿಳಿಯಬೇಕು.

ಗೇಜ್ ಐದು ಬಿಂದುಗಳಲ್ಲಿಯೂ ಸರಿಯಾದ ಅಂಕಿಯನ್ನು ತೋರಿಸಿದರೆ ಪರಿವರ್ತಕ ನಿರ್ದೋಷಿ. ದೋಷವನ್ನು ಅದರ ಮುಂದೆ, ಅಂದರೆ ಕೊಳವೆಯ ಸೋರಿಕೆ, ಪೊಸಿಷನರ್, ಹರಿದ ಡಯಾಫ್ರಾಮ್ ಅಥವಾ ಬಿಗಿಯಾದ ಗ್ಲ್ಯಾಂಡ್‌ನಲ್ಲಿ ಹುಡುಕತಕ್ಕದ್ದು. ಗಾಳಿಯೂ ಪ್ರವಾಹವೂ ಸರಿಯಿದ್ದು ಹೊರಒತ್ತಡ ಮಾತ್ರ ತಪ್ಪಿದ್ದರೆ, ಆಗ ಮಾತ್ರ ದೋಷ ಪರಿವರ್ತಕದೊಳಗಿದೆ ಎಂದು ಬರೆಯಲು ಆಧಾರ ದೊರೆಯುತ್ತದೆ.

5. ಲಕ್ಷಣಗಳಿಂದ ಕಾರಣದತ್ತ

ಹೊರಒತ್ತಡ ಸೊನ್ನೆ ಅಥವಾ ಅತ್ಯಲ್ಪ: ಗಾಳಿ ನಿಂತಿರುವುದು, ಸಂಕೇತ ಇಲ್ಲದಿರುವುದು, ತಂತಿಗಳು ಅದಲುಬದಲಾಗಿರುವುದು ಸಾಮಾನ್ಯ ಕಾರಣಗಳು. ಇವು ಮೂರೂ ಸರಿಯಿದ್ದರೆ ನಾಜಲ್‌ಗೆ ಗಾಳಿ ಒದಗಿಸುವ ಸೂಕ್ಷ್ಮ ರಂಧ್ರ ಕಟ್ಟಿಕೊಂಡಿರಬಹುದು.

ಹೊರಒತ್ತಡ ಸದಾ ಅಧಿಕ: ನಾಜಲ್‌ನ ಬಾಯಿಗೆ ಕೊಳೆ ಅಂಟಿದಾಗ ಫ್ಲಾಪರ್ ದೂರವಿದ್ದರೂ ಹಿಂದಿನ ಒತ್ತಡ ಇಳಿಯದು. ಗಾಳಿ ಹೊರಬಿಡುವ ಕಿಂಡಿ ಮುಚ್ಚಿಹೋಗಿದ್ದರೂ ಹೀಗಾಗುತ್ತದೆ. ತೆರೆದ ಆವರಣದಲ್ಲಿರುವ ಉಪಕರಣಗಳ ಕಿಂಡಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟುವುದುಂಟು. ಕಿಂಡಿಗೆ ಜಾಲರಿ ಇರಬೇಕು, ಅದರ ಮುಖ ಕೆಳಮುಖವಾಗಿರಬೇಕು.

15 ಪಿಎಸ್‌ಐ ತಲುಪದಿರುವುದು: ಕೆಳಗಿನ ಬಿಂದುಗಳು ಸರಿಯಿದ್ದು ಮೇಲಿನವು ಮಾತ್ರ ತಪ್ಪಿದರೆ ಒದಗುವ ಗಾಳಿಯ ಒತ್ತಡವನ್ನೇ ಮೊದಲು ಪರಿಶೀಲಿಸಬೇಕು. ಅನಂತರ 20 ಮಿಲಿಆಂಪಿಯರ್ ಆದೇಶಕ್ಕೆ ನಿಜವಾಗಿ 20 ಬರುತ್ತಿದೆಯೇ ಎಂದು ನೋಡಬೇಕು. ಒಂದೇ ಸಂಕೇತದ ದಾರಿಯಲ್ಲಿ ಹಲವು ಉಪಕರಣಗಳನ್ನು ಸರಣಿಯಾಗಿ ಜೋಡಿಸಿದ್ದರೆ ಒಟ್ಟು ರೋಧ ಹೆಚ್ಚಾಗಿ ಪ್ಯಾನೆಲ್‌ಗೆ ಪೂರ್ಣ ಪ್ರವಾಹವನ್ನು ತಳ್ಳಲು ಸಾಧ್ಯವಾಗದು.

ಎಲ್ಲ ಬಿಂದುಗಳಲ್ಲಿ ಒಂದೇ ಪ್ರಮಾಣದ ವ್ಯತ್ಯಾಸ: ಪ್ರತಿ ಹಂತದಲ್ಲಿಯೂ ಅರ್ಧ ಪಿಎಸ್‌ಐ ಹೆಚ್ಚು ತೋರಿದರೆ ಅದು ಶೂನ್ಯಬಿಂದುವಿನ ಪಲ್ಲಟ, ಒಡೆದ ಉಪಕರಣವಲ್ಲ. ಫ್ಲಾಪರ್ ಮಾದರಿಗಳನ್ನು ನೇರವಾಗಿ ನಿಲ್ಲಿಸಿ ಹೊಂದಿಸಿ, ಆಮೇಲೆ ಓರೆಯಾಗಿ ಜೋಡಿಸಿದರೂ ಹೀಗಾಗುತ್ತದೆ.

ನಿಧಾನ ಚಲನೆ: ಅರ್ಧ ಕಟ್ಟಿಕೊಂಡ ಫಿಲ್ಟರ್, ಹೊರಕೊಳವೆಯ ಸೋರಿಕೆ, ಅತಿ ಉದ್ದವಾದ ಅಥವಾ ಕಿರಿದಾದ ಕೊಳವೆ. ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿದರೆ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ.

ವಾಲ್ವ್ ಸದಾ ಓಲಾಡುವುದು: ನಿಯಂತ್ರಕವನ್ನು ಮ್ಯಾನ್ಯುಯಲ್ ಕ್ರಮಕ್ಕೆ ತಂದು ಸ್ಥಿರ ಸಂಕೇತ ನೀಡಬೇಕು. ಓಲಾಟ ನಿಂತರೆ ಪರಿವರ್ತಕದ ತಪ್ಪಿಲ್ಲ. ನಿಯಂತ್ರಕದ ಹೊಂದಾಣಿಕೆಯನ್ನೂ ವಾಲ್ವಿನ ಬಿಗಿತವನ್ನೂ ಪರಿಶೀಲಿಸಬೇಕು. ನಿಲ್ಲದಿದ್ದರೆ ಒದಗುವ ಗಾಳಿಯ ಏರಿಳಿತ, ಸಡಿಲವಾದ ಟರ್ಮಿನಲ್ ಅಥವಾ ಪಂಪಿನ ಕಂಪನವನ್ನು ಹುಡುಕಬೇಕು.

6. ಒಂದು ಸಂದರ್ಭ

ಮಳೆಗಾಲದ ದಿನವೊಂದನ್ನು ಭಾವಿಸೋಣ. ಮೂರನೇ ಶೋಧಕದ ಮೇಲಿನ ನೀರಿನ ಮಟ್ಟ ಬೆಳಗಿನಿಂದ ಇಳಿಯುತ್ತಿದೆ. ಹೊರಹರಿವಿನ ವಾಲ್ವ್ ಇರಬೇಕಾದುದಕ್ಕಿಂತ ಹೆಚ್ಚು ತೆರೆದಿದೆ. ಪ್ಯಾನೆಲ್ 8 ಮಿಲಿಆಂಪಿಯರ್ ಕಳುಹಿಸುತ್ತಿರುವುದಾಗಿ ತೋರಿಸುತ್ತಿದೆ. ಎರಡು ತಿಂಗಳ ಹಿಂದಷ್ಟೇ ಇದೇ ಪರಿವರ್ತಕವನ್ನು ಬದಲಿಸಲಾಗಿತ್ತು. ಮತ್ತೊಂದಕ್ಕೆ ಬೇಡಿಕೆ ಪತ್ರ ಬರೆಯುವ ಮೊದಲು ನಿರ್ವಾಹಕರು ಶೋಧಕವನ್ನು ಪ್ರತ್ಯೇಕಿಸಿ ಮೂರು ಅಳತೆಗಳನ್ನು ತೆಗೆದುಕೊಳ್ಳುತ್ತಾರೆ.

ಒಳಬರುವ ಗಾಳಿ 20 ಪಿಎಸ್‌ಐ, ಚಲನೆಯಲ್ಲಿಯೂ ಸ್ಥಿರ. ಟರ್ಮಿನಲ್‌ನಲ್ಲಿ ಪ್ರವಾಹ 8.0 ಮಿಲಿಆಂಪಿಯರ್. ಹೊರಒತ್ತಡ 6 ಇರಬೇಕಾದಲ್ಲಿ 10 ಪಿಎಸ್‌ಐ. ಕೊಳವೆ ಬಿಡಿಸಿ ಪರೀಕ್ಷಾ ಗೇಜ್ ಜೋಡಿಸಿದಾಗಲೂ 10. ಅಂದರೆ ಪ್ಯಾನೆಲ್, ತಂತಿ, ಕೊಳವೆ, ವಾಲ್ವ್ ಇವಾವುದರ ದೋಷವೂ ಅಲ್ಲ. ದೋಷ ಪರಿವರ್ತಕದೊಳಗೇ ಇದೆ. ಅಧಿಕ ಒತ್ತಡವು ನಾಜಲ್‌ನತ್ತ ಬೆರಳು ತೋರಿಸುತ್ತದೆ. ಮುಚ್ಚಳ ತೆರೆದಾಗ ನಾಜಲ್‌ನ ಬಾಯಿಯಲ್ಲಿ ಎಣ್ಣೆ ನೀರು ಬೆರೆತ ಕಂದು ಬಣ್ಣದ ಅಂಟು. ಅದನ್ನು ಶುಚಿಗೊಳಿಸಿದ ಮೇಲೆ ಗೇಜ್ 6ಕ್ಕೆ ಇಳಿಯುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸಿದರೆ ಇನ್ನೆರಡು ತಿಂಗಳಲ್ಲಿ ಮತ್ತೆ ಇದೇ ಸ್ಥಿತಿ ಬರುತ್ತದೆ. ಆ ಅಂಟು ಅಲ್ಲಿಗೆ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಕಂಪ್ರೆಸರ್ ಕೊಠಡಿಯಲ್ಲಿದೆ. ಗಾಳಿ ಸಂಗ್ರಹ ತೊಟ್ಟಿಯ ತಳದ ಡ್ರೈನ್ ವಾಲ್ವನ್ನು ತೆರೆದಾಗ ಗಾಳಿಗೆ ಮೊದಲು ನೀರು ಸುರಿಯುತ್ತದೆ. ಹಿಂದಿನ ಪರಿವರ್ತಕ ಹಾಳಾದದ್ದೂ ಈ ನೀರಿನಿಂದಲೇ. ಹೊಸದನ್ನು ತರಿಸಿದ್ದರೆ ಅದಕ್ಕೂ ಇದೇ ಗತಿ ಒದಗುತ್ತಿತ್ತು.

7. ಗಾಳಿಯೊಳಗಿನ ನೀರು

ಕಂಪ್ರೆಸರ್ ಒಣ ಗಾಳಿಯನ್ನು ಹೀರುವುದಿಲ್ಲ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 80 ತೇವಾಂಶವಿರುವ ಮಳೆಗಾಲದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. ಅಂತಹ 8 ಘನ ಮೀಟರ್ ಗಾಳಿಯನ್ನು 7 ಬಾರ್ ಗೇಜ್ ಒತ್ತಡಕ್ಕೆ ಒತ್ತಿದರೆ ಅದು ಒಂದು ಘನ ಮೀಟರಿನಷ್ಟಾಗುತ್ತದೆ. ತಣಿದು ಮತ್ತೆ 30 ಡಿಗ್ರಿಗೆ ಬಂದಾಗ ಆ ಒಂದು ಘನ ಮೀಟರ್ ಹಿಡಿದಿಡಬಲ್ಲದು ಸುಮಾರು 30 ಗ್ರಾಂ ಆವಿಯನ್ನು ಮಾತ್ರ. ಉಳಿದ 160 ಗ್ರಾಂಗೂ ಮಿಕ್ಕಿದ ಭಾಗ ದ್ರವವಾಗಿ ಹನಿಯುತ್ತದೆ. ಈ ಲೆಕ್ಕದಲ್ಲಿ ಗಂಟೆಗೆ 20 ಘನ ಮೀಟರ್ ಗಾಳಿ ಹೀರುವ ಸಣ್ಣ ಕಂಪ್ರೆಸರ್ ಎಂಟು ಗಂಟೆಗಳ ಒಂದು ಪಾಳಿಯಲ್ಲಿ ನಿರಂತರ ನಡೆದರೆ ಮೂರು ಲೀಟರಿಗೂ ಹೆಚ್ಚು ನೀರು ಸಂಗ್ರಹವಾಗುತ್ತದೆ. ಈ ನೀರನ್ನು ಯಾರಾದರೂ ಹೊರಬಿಡಲೇಬೇಕು. ಬಿಡದಿದ್ದರೆ ಅದು ತನ್ನ ದಾರಿಯನ್ನು ಪರಿವರ್ತಕದತ್ತ ಹುಡುಕಿಕೊಳ್ಳುತ್ತದೆ.

ಉಪಕರಣಗಳಿಗೆ ಒದಗಿಸುವ ಗಾಳಿಯ ಗುಣಮಟ್ಟದ ಬಗ್ಗೆ ಐಎಸ್‌ಎ 7.0.01 ಮಾನಕವು ಮೂರು ಮಿತಿಗಳನ್ನು ಹೇಳುತ್ತದೆ: ಕೊಳವೆಯ ಒತ್ತಡದಲ್ಲಿ ಇಬ್ಬನಿ ಬಿಂದುವು ಪರಿಸರದ ಕನಿಷ್ಠ ಉಷ್ಣತೆಗಿಂತ ಕನಿಷ್ಠ 10 ಡಿಗ್ರಿ ಸೆಲ್ಸಿಯಸ್ ಕೆಳಗಿರಬೇಕು, ಧೂಳಿನ ಕಣ 40 ಮೈಕ್ರಾನ್ ಮೀರಬಾರದು, ಎಣ್ಣೆಯ ಅಂಶ ದಶಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದು. ಇವನ್ನು ಪಾಲಿಸಲು ಘಟಕದ ಮಟ್ಟದಲ್ಲಿ ಮಾಡಬಹುದಾದುದು:

ಅ) ಗಾಳಿ ಸಂಗ್ರಹ ತೊಟ್ಟಿಯ ಡ್ರೈನ್ ವಾಲ್ವನ್ನು ಪ್ರತಿ ಪಾಳಿಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಎರಡು ಬಾರಿ ತೆರೆಯುವುದು. ಸ್ವಯಂಚಾಲಿತ ಡ್ರೈನ್ ಇದ್ದರೂ ಅದು ಕೆಲಸ ಮಾಡುತ್ತಿದೆಯೇ ಎಂದು ಕಣ್ಣಾರೆ ನೋಡುವುದು.
ಆ) ಪರಿವರ್ತಕದ ಹಿಂದಿನ ಫಿಲ್ಟರ್ ರೆಗ್ಯುಲೇಟರಿನ ಬಟ್ಟಲನ್ನು ಪ್ರತಿದಿನ ಬರಿದುಮಾಡುವುದು, ಫಿಲ್ಟರ್ ಅಂಗವನ್ನು ತಯಾರಕರು ಸೂಚಿಸಿದ ಅವಧಿಗೆ ಬದಲಿಸುವುದು.
ಇ) ಸಿಲಿಕಾ ಜೆಲ್ ಬಳಸುವ ಡ್ರೈಯರ್‌ಗಳಲ್ಲಿ ಹರಳುಗಳ ಬಣ್ಣವನ್ನು ಗಮನಿಸುವುದು. ನೀಲಿ ಹರಳು ನಸುಗೆಂಪಾದರೆ ಅದು ತೇವದಿಂದ ತುಂಬಿದೆ.
ಈ) ಉಪಕರಣಗಳಿಗೆ ಗಾಳಿಯನ್ನು ಮುಖ್ಯ ಕೊಳವೆಯ ಮೇಲ್ಭಾಗದಿಂದ ತೆಗೆದುಕೊಳ್ಳುವುದು. ತಳಭಾಗದಿಂದ ತೆಗೆದರೆ ಗಾಳಿಗಿಂತ ಮೊದಲು ನೀರು ಬರುತ್ತದೆ.

8. ಶುಚಿಗೊಳಿಸುವಿಕೆ ಮತ್ತು ಹೊಂದಾಣಿಕೆ

ಪರಿವರ್ತಕವು ವಾರಂಟಿ ಅವಧಿಯಲ್ಲಿದ್ದರೆ ಮುಚ್ಚಳ ತೆರೆಯುವ ಮೊದಲು ಷರತ್ತುಗಳನ್ನು ಓದತಕ್ಕದ್ದು. ಅನಂತರ ಕೈಪಿಡಿಯಲ್ಲಿ ಅನುಮತಿಸಿದ ಭಾಗಗಳನ್ನು ಮಾತ್ರ ಬಿಚ್ಚಬೇಕು. ಸೂಕ್ಷ್ಮ ರಂಧ್ರಕ್ಕೆ ಸೂಜಿ, ಪಿನ್ನು ತೂರಿಸಕೂಡದು. ರಂಧ್ರ ಅಗಲವಾದರೆ ಉಪಕರಣ ಶಾಶ್ವತವಾಗಿ ನಿಖರತೆ ಕಳೆದುಕೊಳ್ಳುತ್ತದೆ. ತಯಾರಕರು ನೀಡಿದ ಶುಚಿ ತಂತಿಯನ್ನೂ, ಅವರು ಸೂಚಿಸಿದ ದ್ರಾವಕವನ್ನೂ ಬಳಸಬೇಕು. ಸೀಮೆಎಣ್ಣೆ, ಪೆಟ್ರೋಲ್ ರಬ್ಬರ್ ಡಯಾಫ್ರಾಮ್‌ಗಳನ್ನು ಉಬ್ಬಿಸುತ್ತವೆ. ಯಾವ ಭಾಗಕ್ಕೂ ಎಣ್ಣೆ ಹಾಕಬಾರದು.

ಮರುಜೋಡಣೆಯಲ್ಲಿ ಟೆಫ್ಲಾನ್ ಟೇಪನ್ನು ಸುತ್ತುವಾಗ ತುದಿಯ ಮೊದಲ ಒಂದೆರಡು ಸುತ್ತುಗಳನ್ನು ಖಾಲಿ ಬಿಡಬೇಕು. ತುದಿಯವರೆಗೆ ಸುತ್ತಿದ ಟೇಪಿನ ಚೂರು ಒಳಗೆ ಸೇರಿ ನಾಜಲನ್ನು ಕಟ್ಟುವುದು ಅಪರೂಪವಲ್ಲ. ರಿಪೇರಿಯೇ ಹೊಸ ದೋಷವನ್ನು ತರುತ್ತದೆ.

ಹೊಂದಾಣಿಕೆಗೆ 4 ಮಿಲಿಆಂಪಿಯರ್ ನೀಡಿ ಝೀರೋ ತಿರುಪಿನಿಂದ 3 ಪಿಎಸ್‌ಐಗೆ ತರಬೇಕು. 20 ಮಿಲಿಆಂಪಿಯರ್ ನೀಡಿ ಸ್ಪ್ಯಾನ್ ತಿರುಪಿನಿಂದ 15ಕ್ಕೆ ತರಬೇಕು. ಒಂದನ್ನು ತಿದ್ದಿದರೆ ಇನ್ನೊಂದು ಸ್ವಲ್ಪ ಜರುಗುವುದರಿಂದ ಎರಡೂ ಸ್ಥಿರವಾಗುವವರೆಗೆ ಪುನರಾವರ್ತಿಸಬೇಕು. ನಂತರ ಐದು ಬಿಂದುಗಳನ್ನು ಏರಿಕೆಯಲ್ಲಿಯೂ ಇಳಿಕೆಯಲ್ಲಿಯೂ ಪರೀಕ್ಷಿಸಬೇಕು. ವ್ಯಾಪ್ತಿಯ ಶೇಕಡ 1 ಎಂದರೆ 0.12 ಪಿಎಸ್‌ಐ, ಎಷ್ಟು ವ್ಯತ್ಯಾಸ ಸಮ್ಮತವೆಂಬುದನ್ನು ಆಯಾ ಉಪಕರಣದ ಕೈಪಿಡಿಯಲ್ಲಿ ನೋಡಬೇಕು. ಗಾಳಿಯಲ್ಲಿ ನೀರಿರುವಾಗ, ಅಥವಾ ಒದಗುವ ಒತ್ತಡ ಏರಿಳಿಯುತ್ತಿರುವಾಗ ಹೊಂದಾಣಿಕೆ ತಿರುಪುಗಳನ್ನು ಮುಟ್ಟಕೂಡದು. ಹಾಗೆ ಮಾಡಿದರೆ ದೋಷವನ್ನು ಮರೆಮಾಚಿದಂತಾಗುತ್ತದೆಯೇ ಹೊರತು ನಿವಾರಿಸಿದಂತಾಗುವುದಿಲ್ಲ.

ಸುರುಳಿ ತುಂಡಾಗಿದ್ದರೆ, ಡಯಾಫ್ರಾಮ್ ಹರಿದಿದ್ದು ಬಿಡಿಭಾಗ ದೊರೆಯದಿದ್ದರೆ, ಎಲೆಕ್ಟ್ರಾನಿಕ್ ಮಂಡಲ ಕೆಟ್ಟಿದ್ದರೆ, ಅಥವಾ ಶುಚಿಗೊಳಿಸಿದ ನಂತರವೂ ಐದು ಬಿಂದುಗಳು ಹೊಂದದಿದ್ದರೆ ಉಪಕರಣವನ್ನು ಬದಲಿಸುವುದೇ ಸರಿ.

9. ದಾಖಲೆ ಮತ್ತು ಮುಂದಿನ ಕ್ರಮ

ಪ್ರತಿಯೊಂದು ಪರಿವರ್ತಕಕ್ಕೂ ನಿರ್ವಹಣಾ ವಹಿಯಲ್ಲಿ ಒಂದು ಪುಟವನ್ನು ಮೀಸಲಿಡುವುದು ಸೂಕ್ತ. ಅದರಲ್ಲಿ ದಿನಾಂಕ, ಕಂಡ ಲಕ್ಷಣ, ಒಳಬಂದ ಗಾಳಿಯ ಒತ್ತಡ, ಟರ್ಮಿನಲ್‌ನ ಪ್ರವಾಹ, ಹೊರಒತ್ತಡ, ಕಂಡುಬಂದ ಕಾರಣ ಮತ್ತು ಕೈಗೊಂಡ ಕ್ರಮ ಇವಿಷ್ಟು ಕಾಲಂಗಳು ಸಾಕು. ಉಪಕರಣ ಸರಿಯಾಗಿರುವಾಗಲೇ ಒಮ್ಮೆ ಐದು ಬಿಂದುಗಳ ಅಳತೆಯನ್ನು ಬರೆದಿಟ್ಟರೆ, ಕೆಟ್ಟ ದಿನ ಹೋಲಿಕೆಗೆ ಆಧಾರವಿರುತ್ತದೆ. ಹೊಸ ಪರಿವರ್ತಕಕ್ಕೆ ಬೇಡಿಕೆ ಸಲ್ಲಿಸುವಾಗ ಈ ಪುಟದ ಪ್ರತಿಯನ್ನು ಲಗತ್ತಿಸಿದಲ್ಲಿ, ಮಂಜೂರಾತಿ ನೀಡುವವರಿಗೂ ಖರೀದಿ ಅಗತ್ಯವೋ ಅಲ್ಲವೋ ಎಂಬುದು ಸ್ಪಷ್ಟವಾಗುತ್ತದೆ.

ದೋಷದ ಅವಧಿಯಲ್ಲಿ ಶೋಧಕವನ್ನು ಕೈಚಾಲಿತವಾಗಿ ನಡೆಸಿದ್ದರೆ, ಶೋಧಿತ ನೀರಿನ ಕದಡನ್ನು ಮಾಮೂಲಿಗಿಂತ ಹೆಚ್ಚು ಬಾರಿ ಅಳೆದು ಬರೆಯತಕ್ಕದ್ದು. ಉಳಿಕೆ ಕ್ಲೋರಿನ್ ಪ್ರತಿ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಾಗದಂತೆ ಕೊನೆಯ ಗ್ರಾಮದ ನಲ್ಲಿಯಲ್ಲಿಯೂ ಪರೀಕ್ಷಿಸುವುದು ಅಗತ್ಯ. ಕದಡು ಮಿತಿ ಮೀರಿದಲ್ಲಿ ಆ ಶೋಧಕವನ್ನು ನಿಲ್ಲಿಸಿ, ಸಂಬಂಧಿಸಿದ ಅಭಿಯಂತರರಿಗೂ ಗ್ರಾಮ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಗೂ ಕೂಡಲೇ ತಿಳಿಸತಕ್ಕದ್ದು. ನೀರು ಒಂದು ಹೊತ್ತು ತಡವಾಗಿ ಬಂದರೆ ಜನರು ಸಹಿಸಿಯಾರು. ಕದಡಿದ ನೀರು ಹೇಳದೆ ಕೇಳದೆ ಮನೆ ಸೇರಬಾರದು.

ಒಟ್ಟಿನಲ್ಲಿ, ಗಾಳಿ, ಪ್ರವಾಹ, ಒತ್ತಡ ಎಂಬ ಕ್ರಮದಲ್ಲಿ ಅಳೆದು ಬರೆದ ನಂತರವೇ ಪರಿವರ್ತಕದ ಮುಚ್ಚಳವನ್ನು ತೆರೆಯುವುದು, ಅದನ್ನು ಬದಲಿಸುವ ಮೊದಲು ಕಂಪ್ರೆಸರ್ ಕೊಠಡಿಗೆ ಹೋಗಿ ತೊಟ್ಟಿಯ ತಳದ ನೀರನ್ನು ನೋಡಿ ಬರುವುದು, ಇವೆರಡನ್ನು ಎಲ್ಲ ಘಟಕಗಳ ಸಿಬ್ಬಂದಿಯೂ ರೂಢಿಸಿಕೊಳ್ಳಬೇಕೆಂದು ಕೋರಲಾಗಿದೆ. ಈ ಲೇಖನದ ಪ್ರತಿಯನ್ನು ನಿಯಂತ್ರಣ ಕೊಠಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇರಿಸತಕ್ಕದ್ದು.